ಗುಂಡಿಯ ಮೀನು, ಮೊದಲನೆಯ ಶೀಲ



ಇವತ್ತಿನ ಚಿಂತನೆ ಎಂದಿಗಿಂತ ಉದ್ದ. ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಓದುವವರು ರಾತ್ರಿ ಊಟ ಆದ ಮೇಲೆ ಓದಿದರೂ ಆದೀತು.

ಹೋದ ಭಾನುವಾರ ಹಂಪನಕಟ್ಟೆಯ ನಮ್ಮ ಕೋಣೆಯಲ್ಲಿ ತಿಸರಣ, ಪಂಚಶೀಲ ಮುಗಿದ ಮೇಲೆ ಒಬ್ಬ ಹುಡುಗ ಪ್ರಶ್ನೆ ಕೇಳಿದ. ಬಂಟ್ವಾಳದಿಂದ ಮೇಲಕ್ಕೆ ನೇತ್ರಾವತಿಯ ದಂಡೆಯ ಊರಿನವನು. ಕಳೆದ ಅಕ್ಟೋಬರಿನಲ್ಲಿ ದೀಕ್ಷೆ ತೆಗೆದುಕೊಂಡಿದ್ದಾನೆ. “ಟೀಚರ್, ನಾನಿಲ್ಲಿ ಪಾಣಾತಿಪಾತಾ ವೇರಮಣಿ ಅಂತ ಹೇಳುವ ಹೊತ್ತಿಗೆ ನನ್ನ ಅಪ್ಪ ಹೊಳೆಯ ಗುಂಡಿಯಲ್ಲಿ ಬಲೆ ಬೀಸುತ್ತಿರುತ್ತಾರೆ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಮಾರುತ್ತಾರೆ. ಆ ದುಡ್ಡಿನಲ್ಲೇ ನಾನು ಡಿಗ್ರಿ ಮುಗಿಸಿದ್ದು. ಹಾಗಾದರೆ ನಾನು ಹೇಳುವುದು ಸುಳ್ಳಾಯಿತಲ್ಲ?” ಮೊದಲನೆಯ ಶೀಲದ ಬಗ್ಗೆ ಕೇಳಲು ಹೋಗಿ ನಾಲ್ಕನೆಯದನ್ನೂ ಎಳೆದು ತಂದ.

ಕೂಡಲೇ ಮೂರು ಕಡೆಯಿಂದ ಉತ್ತರ ಬಂತು. ಬೌದ್ಧರಾದ ಮೇಲೆ ಸಸ್ಯಾಹಾರಿಗಳೇ ಆಗಬೇಕು, ಅಪ್ಪನಿಗೂ ತಿಳಿಸಿ ಹೇಳು ಎಂದರು ಒಬ್ಬರು. ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮೀನು ಬಿಡಬೇಕೆಂದು ಎಲ್ಲಿದೆ, ಈ ಮಾತೇ ಇಲ್ಲಿ ಬೇಡ ಎಂದರು ಇನ್ನೊಬ್ಬರು. ಹಿಂದಿನ ಸಾಲಿನಲ್ಲಿದ್ದ ಹಿರಿಯ ಅಕ್ಕ ಕೇಳಿದ್ದು ಬೇರೆಯೇ: “ನಾವು ಮೀನು ಬಿಟ್ಟರೆ ನಮಗೆ ಬಾಡಿಗೆಗೆ ಮನೆ ಕೊಡ್ತಾರಾ?” ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಅಷ್ಟರಲ್ಲಿ ಕೋಣೆ ಬಿಟ್ಟುಕೊಡುವ ಹೊತ್ತಾಯಿತು. ಹುಡುಗನ ಪ್ರಶ್ನೆ ಹಾಗೇ ಉಳಿಯಿತು.

ಪೇಟೆಯಲ್ಲೇ ಬೆಳೆದವರಿಗೆ ಮೀನೆಂದರೆ ಕಡಲಿನದು, ಸ್ಟೇಟ್ ಬ್ಯಾಂಕಿನ ಮಾರುಕಟ್ಟೆಯಲ್ಲಿ ಬುಟ್ಟಿ ಇಟ್ಟು ಕೂತವರ ಬಂಗುಡೆ, ಬೂತಾಯಿ. ಹಾಗಾಗಿ ಈ ದಿನಗಳಲ್ಲಿ ಮೇಲಿನ ಊರುಗಳ ಹೊಳೆ ಹೇಗಿರುತ್ತದೆ ಎಂದು ಸ್ವಲ್ಪ ಹೇಳಬೇಕು. ತುಳುವಿನ ಮಾಯಿ ತಿಂಗಳು, ಅಂದರೆ ಫೆಬ್ರವರಿಯ ನಡು ದಾಟಿದ ಮೇಲೆ, ತೋಡುಗಳು ಒಂದೊಂದಾಗಿ ಬತ್ತುತ್ತವೆ. ನೇತ್ರಾವತಿ, ಕುಮಾರಧಾರಾ, ಫಲ್ಗುಣಿ ಎಲ್ಲವೂ ಸಣ್ಣಗಾಗುತ್ತವೆ. ಹರಿಯುವ ನೀರು ಬಂಡೆಗಳ ನಡುವೆ ಒಂದು ನೂಲಿನಷ್ಟಾಗಿ, ಉಳಿದದ್ದು ಗುಂಡಿಗಳಲ್ಲಿ ನಿಲ್ಲುತ್ತದೆ. ತೋಟಕ್ಕೆ ನೀರಿಗೆಂದು ಹಾಕಿದ ಕಟ್ಟಗಳ ಹಿಂದೆ ಇನ್ನಷ್ಟು. ಮಳೆಗಾಲದಲ್ಲಿ ತೋಡು ಹತ್ತಿ ಗದ್ದೆಯವರೆಗೆ ಬಂದಿದ್ದ ಮೀನುಗಳು, ಅವುಗಳ ಮರಿಗಳು ಎಲ್ಲವೂ ಈಗ ಆ ಗುಂಡಿಗಳಲ್ಲೇ ಇವೆ. ಒಂದು ಮೈಲಿ ಹೊಳೆಯ ಜೀವವೆಲ್ಲ ಒಂದು ಅಂಗಳದಷ್ಟು ನೀರಿನಲ್ಲಿ. ಹಾಗಾಗಿಯೇ ಇದು ಸಿಹಿನೀರಿನ ಮೀನು ಹಿಡಿಯುವ ಕಾಲ. ದೊಡ್ಡವರು ಬೀಸುಬಲೆ ತರುತ್ತಾರೆ, ಕೆಲವರು ಗಾಳಕ್ಕೆ ಎರೆಹುಳ ಸಿಕ್ಕಿಸಿ ಕೂರುತ್ತಾರೆ, ಮಕ್ಕಳು ಇಬ್ಬರು ಸೇರಿ ಬೈರಾಸು ಹಿಡಿದು ಸೋಸುತ್ತಾರೆ. ಘಟ್ಟದ ಮೇಲೆ ಸಾಗರ, ಸೊರಬದ ಕಡೆ ಇನ್ನೂ ಸ್ವಲ್ಪ ಬಿಸಿಲೇರಿದ ಮೇಲೆ ಕೆರೆಬೇಟೆ ನಡೆಯುತ್ತದೆ. ಊರಿಗೆ ಊರೇ ಬಿದಿರಿನ ಕೂಣಿ ಹಿಡಿದು ಕೆರೆಗೆ ಇಳಿಯುತ್ತದೆ.

ಈ ಗುಂಡಿಗಳಲ್ಲಿ ಸಿಗುವ ಮುಗುಡು, ಮಡೆಂಜಿಗಳಿಗೆ ಒಂದು ಗುಣವಿದೆ. ಅವು ನೀರಿನ ಮೇಲೆ ಬಂದು ಗಾಳಿಯನ್ನೂ ಉಸಿರಾಡಬಲ್ಲವು. ಅದಕ್ಕೇ ಬೇಸಿಗೆಯ ಕೆಸರಿನಲ್ಲೂ ಬದುಕಿ ಉಳಿಯುತ್ತವೆ. ಅದಕ್ಕೇ ಬುಟ್ಟಿಯಲ್ಲೂ ಬೇಗ ಸಾಯುವುದಿಲ್ಲ. ಬಂಗುಡೆ ನಮ್ಮ ಕೈಗೆ ಬರುವಾಗ ಸತ್ತಿರುತ್ತದೆ, ಸಾಯುವುದನ್ನು ನಾವು ನೋಡಿರುವುದಿಲ್ಲ. ಮಡೆಂಜಿ ಹಾಗಲ್ಲ. ಹಿತ್ತಿಲ ಕಲ್ಲಿನ ಮೇಲೆ ಬೂದಿ ಹಚ್ಚಿ ಹಿಡಿದರೂ ಅದು ಜಾರುತ್ತದೆ, ಬಾಲ ಬಡಿಯುತ್ತದೆ. ಆ ಬಡಿತ ಅಂಗೈಗೆ ಗೊತ್ತಾಗುತ್ತದೆ. ಗುಂಪಿನ ಹೆಂಗಸರಿಗೆ ನಾನು ಹೇಳುತ್ತಿರುವುದು ಅರ್ಥವಾದೀತು. ಹಿಡಿಯುವುದು ಗಂಡಸರಾದರೂ ಕೊಯ್ಯುವುದು ನಾವೇ ತಾನೆ.

ಭಗವಾನ್ ಬುದ್ಧರ ಎದುರಿಗೂ ಒಮ್ಮೆ ಇಂಥದೇ ಗುಂಡಿ ಬಂದಿತ್ತು. ಉದಾನದಲ್ಲಿ ಆ ಪ್ರಸಂಗವಿದೆ, ಕುಮಾರಕ ಸುತ್ತ ಎಂದು ಹೆಸರು. ಶ್ರಾವಸ್ತಿಗೂ ಜೇತವನಕ್ಕೂ ನಡುವೆ ಒಂದಷ್ಟು ಹುಡುಗರು ಮೀನುಗಳನ್ನು ಪೀಡಿಸುತ್ತಿದ್ದರು. ಭಿಕ್ಷೆಗೆ ಹೊರಟಿದ್ದ ಬುದ್ಧರು ಅವರ ಹತ್ತಿರ ಹೋಗಿ, ನಿಮಗೆ ನೋವೆಂದರೆ ಭಯವೇ, ನೋವು ನಿಮಗೆ ಬೇಡವೇ ಎಂದು ಕೇಳಿದರು. ಹೌದು ಎಂದರು ಹುಡುಗರು. ನೋವು ಬೇಡವಾದರೆ ಎದುರಿಗಾಗಲಿ ಮರೆಯಲ್ಲಾಗಲಿ ಕೆಟ್ಟದ್ದನ್ನು ಮಾಡಬೇಡಿ ಎಂದರು ಬುದ್ಧರು. ಅಷ್ಟೇ. ನಿಮ್ಮ ಜಾತಿ ಯಾವುದು, ಮನೆಯಲ್ಲಿ ಏನು ತಿನ್ನುತ್ತೀರಿ ಎಂದು ಕೇಳಲಿಲ್ಲ. ಮೀನು ಮುಟ್ಟಿದ ಕೈ ಮೈಲಿಗೆ ಎನ್ನಲಿಲ್ಲ. ನಿಮಗೆ ನೋಯುತ್ತದೆಯೇ ಎಂದು ಕೇಳಿ ಅಲ್ಲಿಂದಲೇ ಮಾತು ಶುರು ಮಾಡಿದರು. ತರಗತಿಯಲ್ಲಿ ನಿಂತು ಪಾಠ ಮಾಡುವವಳಾಗಿ ನನಗೆ ಇದು ಬಹಳ ಹಿಡಿಸಿದ ಪಾಠಕ್ರಮ. ಅಹಿಂಸೆಯನ್ನು ಮಡಿಯಿಂದ ಶುರು ಮಾಡಿದವರು ಎಲ್ಲಿಗೆ ಹೋಗಿ ಮುಟ್ಟಿದರೆಂದು ನಮ್ಮ ಅಜ್ಜ ಅಜ್ಜಿಯರ ಬೆನ್ನುಗಳಿಗೆ ಗೊತ್ತು.

ಕನ್ನಡ ಎಂ.ಎ. ಓದುವಾಗ ಜನ್ನನ ಯಶೋಧರ ಚರಿತೆ ನಮಗೆ ಪಠ್ಯವಾಗಿತ್ತು. 1209ರ ಕಾವ್ಯ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕ ನೋಡಿದವರಿಗೂ ಕಥೆ ಗೊತ್ತು. ಜೀವಬಲಿ ಬೇಡವೆಂದು ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ರಾಜ ಬಲಿ ಕೊಡುತ್ತಾನೆ. ಸತ್ತದ್ದು ಏನೂ ಇಲ್ಲ. ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದಕ್ಕೆ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯಬೇಕಾಗುತ್ತದೆ. ಒಂದು ಜನ್ಮದಲ್ಲಿ ಆ ರಾಜ ಹೊಳೆಯ ಮೀನೇ ಆಗುತ್ತಾನೆ. ಜನ್ನ ಜೈನ ಕವಿ, ಅವನ ಜನ್ಮಾಂತರದ ಲೆಕ್ಕವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಅವನು ಎತ್ತಿದ ಪ್ರಶ್ನೆ ದೊಡ್ಡದು. ಅಲ್ಲಿ ಜೀವ ಹೋಗಿಲ್ಲ, ಕೊಲ್ಲುವ ಮನಸ್ಸಿದೆ. ನಮ್ಮ ಹುಡುಗನ ಅಪ್ಪನ ಬಲೆಯಲ್ಲಿ ಜೀವ ಹೋಗುತ್ತದೆ. ಮನಸ್ಸು? ಬಲೆ ಬೀಸುವ ಮನುಷ್ಯನ ಮನಸ್ಸಿನಲ್ಲಿ ಮೀನನ್ನು ಕೊಲ್ಲುವ ಆಸೆ ಎಷ್ಟು, ರಾತ್ರಿಯ ಗಂಜಿಗೆ ಏನಾದರೂ ಬೇಕೆಂಬ ಯೋಚನೆ ಎಷ್ಟು?

ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದಲ್ಲಿ ಅಹಿಂಸೆಯ ಬಗ್ಗೆ ಬರೆದ ಭಾಗವನ್ನು ಇಲ್ಲಿ ತೆಗೆದು ನೋಡಬೇಕು. ಆ ಗ್ರಂಥ ಅಚ್ಚಾಗಿ ಬಂದದ್ದು ಅವರ ಪರಿನಿಬ್ಬಾಣದ ನಂತರ, 1957ರಲ್ಲಿ. ಅದರಲ್ಲಿ ಅವರು ಎರಡು ಗೆರೆ ಎಳೆಯುತ್ತಾರೆ. ಒಂದು, ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ. ಇಚ್ಛೆಯೊಂದೇ ಇರುವ ಕಡೆ ಬುದ್ಧರು ಕೊಲ್ಲುವುದನ್ನು ಬೇಡವೆಂದರು ಎನ್ನುತ್ತಾರೆ. ಎರಡು, ತತ್ವ ಬೇರೆ, ನಿಯಮ ಬೇರೆ. ಬುದ್ಧರು ಅಹಿಂಸೆಯನ್ನು ನಿಯಮವಾಗಿ ಹೇರಲಿಲ್ಲ, ತತ್ವವಾಗಿ ಕೊಟ್ಟರು. ನಿಯಮ ನಮ್ಮ ಕೈ ಕಟ್ಟುತ್ತದೆ, ತತ್ವ ಯೋಚಿಸುವ ಸ್ವಾತಂತ್ರ್ಯವನ್ನು ನಮಗೇ ಬಿಡುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳನ್ನು ಇದರ ಪಕ್ಕ ಇಟ್ಟು ನೋಡಿ. ಎಲ್ಲ ಜೀವಿಗಳ ಮೇಲೂ ದಯೆ ಇಟ್ಟು ಕಾಪಾಡುತ್ತೇನೆ ಎಂಬ ಪ್ರತಿಜ್ಞೆ ಇದೆ. ಮದ್ಯ ಮುಟ್ಟುವುದಿಲ್ಲ ಎಂಬುದೂ ಸ್ಪಷ್ಟವಾಗಿ ಇದೆ. ಮಾಂಸ, ಮೀನು ಮುಟ್ಟುವುದಿಲ್ಲ ಎಂಬುದು ಇಲ್ಲ. ನಮ್ಮ ಎರಡನೆಯ ಬಂಧು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ.

ಆದರೆ ಅಲ್ಲಿಗೇ ನಿಂತರೆ ತತ್ವವನ್ನು ತೂತಾಗಿ ಮಾಡಿಕೊಂಡ ಹಾಗಾಗುತ್ತದೆ. ಅಗತ್ಯ ಎಂಬ ಮಾತು ಯಾರು ಎಳೆದರೂ ಹಿಗ್ಗುತ್ತದೆ. ನನಗೂ ಅಗತ್ಯ, ನಿನಗೂ ಅಗತ್ಯ ಎಂದು ಹೇಳಿಕೊಂಡು ಯಾರೂ ಏನೂ ಬದಲಾಗದೆ ಮನೆಗೆ ಹೋಗಬಹುದು. ನನ್ನ ವಿಚಾರ ಇಷ್ಟು: ಅಗತ್ಯ ಎಲ್ಲರಿಗೂ ಒಂದೇ ಅಳತೆಯದಲ್ಲ, ಒಬ್ಬನಿಗೇ ಜೀವನಪೂರ್ತಿ ಅದೇ ಅಳತೆಯಲ್ಲಿ ಉಳಿಯುವುದೂ ಇಲ್ಲ. ತುಂಡು ನೆಲ, ದಿನಗೂಲಿ, ಮೂರು ಮಕ್ಕಳ ಓದು ಇದ್ದವನಿಗೆ ಹೊಳೆಯ ಮೀನು ಊಟವೂ ಹೌದು, ಸಂಬಳವೂ ಹೌದು. ಅದೇ ಮನೆಯ ಮಗನಿಗೆ ನೌಕರಿ ಸಿಕ್ಕಿ ತಿಂಗಳ ಮೊದಲ ತಾರೀಕಿಗೆ ದುಡ್ಡು ಬಂದು ಬೀಳತೊಡಗಿದ ಮೇಲೆ ಆ ಅಗತ್ಯ ಸವೆಯುತ್ತ ಹೋಗುತ್ತದೆ. ಅಗತ್ಯ ಸವೆದಷ್ಟೂ ಶೀಲದ ಭಾರ ಹೆಚ್ಚಾಗುತ್ತದೆ. ಅಂದರೆ ಮೊದಲನೆಯ ಶೀಲ ನಮ್ಮಲ್ಲಿ ಸಂಬಳದವರ ಮೇಲೆ ಹೆಚ್ಚು ಕೂರಬೇಕು, ಹೊಳೆಯ ದಂಡೆಯ ಅಪ್ಪನ ಮೇಲೆ ಕಡಿಮೆ. ನಾವು ಮಾಡುತ್ತಿರುವುದು ಉಲ್ಟಾ. ಪೇಟೆಯ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು, ಅಪ್ಪನಿಗೆ ಬಿಡಲು ಹೇಳು ಎನ್ನುತ್ತೇವೆ.

ನಮ್ಮ ಗುಂಪಿನಲ್ಲೇ ಭಾನುವಾರದ ಮೀನು ಬೇಟೆಯವರು ಇದ್ದಾರೆ, ಹೆಸರು ಹೇಳುವುದಿಲ್ಲ. ಒಬ್ಬರು ಆನ್‌ಲೈನಿನಲ್ಲಿ ರಾಡ್ ತರಿಸಿದ್ದಾರೆ. ಅವರ ವಾದ, ಮೀನನ್ನು ಹಿಡಿದು ಫೋಟೋ ತೆಗೆದು ವಾಪಸು ನೀರಿಗೆ ಬಿಡುತ್ತೇನೆ, ಒಂದು ಜೀವವೂ ಹೋಗುವುದಿಲ್ಲ, ಶೀಲಕ್ಕೆ ಭಂಗವೆಲ್ಲಿ ಎಂದು. ಕುಮಾರಕ ಸುತ್ತದ ಹುಡುಗರನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಅವರು ಮೀನುಗಳನ್ನು ಕೊಂದರು ಎಂದು ಅಲ್ಲಿ ಹೇಳಿಲ್ಲ, ಪೀಡಿಸುತ್ತಿದ್ದರು ಎಂದೇ ಇರುವುದು. ಬುದ್ಧರು ಸಾವಿನ ಬಗ್ಗೆ ಕೇಳಲಿಲ್ಲ, ನೋವಿನ ಬಗ್ಗೆ ಕೇಳಿದರು. ಬಾಯಿಗೆ ಕೊಕ್ಕೆ ಸಿಕ್ಕಿಸಿ ಎಳೆದಾಡಿ ಬಿಟ್ಟ ಮೀನಿನ ಲೆಕ್ಕದಲ್ಲಿ ಹಸಿವು ಎಲ್ಲೂ ಬರುವುದಿಲ್ಲ. ಉಳಿಯುವುದು ಆಟ ಒಂದೇ. ಹಿಡಿದು ಬಿಡುವವರಿಂದ ಒಳ್ಳೆಯದೂ ಆಗಿದೆ, ಅದನ್ನು ಮುಚ್ಚಿಡಬಾರದು. ಕಾವೇರಿಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಬಹಳ ವರ್ಷ ಇಂಥ ಶಿಬಿರಗಳು ನಡೆದವು. ಮೊದಲು ತೋಟೆ ಹಾಕಿ ಮಹಸೀರ್ ಹಿಡಿಯುತ್ತಿದ್ದವರಿಗೇ ಅಲ್ಲಿ ಕೆಲಸ ಕೊಟ್ಟು ಕಾವಲಿಗೆ ಹಾಕಿದ್ದರಿಂದ ಆ ಮಡುಗಳಲ್ಲಿ ದೊಡ್ಡ ಮೀನು ಉಳಿದವು. ಆದರೆ ಉಳಿಸಿದ್ದು ಕಾವಲು. ಆ ಕಾವಲನ್ನು ಕೊಕ್ಕೆ ಇಲ್ಲದೆಯೂ ಮಾಡಬಹುದು.

ಇನ್ನು ಅಕ್ಕನ ಮಾತು. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡನ್ನು ಓದಲು ಬರುವ ಯಾರಿಗೂ ಅದರ ಹಿಂದೆ ಬರೆದಿರುವುದೇನೆಂದು ವಿವರಿಸಬೇಕಾಗಿಲ್ಲ. 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಬಾಬಾಸಾಹೇಬರು ಇದರ ಬೇರನ್ನೇ ಹುಡುಕಿದರು. ಯಜ್ಞದಲ್ಲಿ ಪಶು ಕೊಲ್ಲುತ್ತಿದ್ದವರು ಬೌದ್ಧರ ಎದುರು ತಮ್ಮ ಸ್ಥಾನ ಉಳಿಸಿಕೊಳ್ಳಲು ಮಾಂಸ ಬಿಟ್ಟು ಒಂದು ಹೆಜ್ಜೆ ಮುಂದೆ ಹೋದರು, ಸತ್ತ ದನದ ಮಾಂಸ ತಿನ್ನುವುದು ಬಿಟ್ಟು ಬೇರೆ ದಾರಿ ಇಲ್ಲದವರು ಅಸ್ಪೃಶ್ಯರಾದರು ಎಂಬುದು ಅವರ ವಾದ. ಹಾಗಾಗಿ ನಮ್ಮಲ್ಲಿ ಯಾರಾದರೂ ಮೀನು ಬಿಟ್ಟರೆ, ಯಾರ ಕಣ್ಣಿನಲ್ಲಿ ಮೇಲಾಗಲು ಬಿಟ್ಟೆ ಎಂದು ಒಮ್ಮೆ ತಮ್ಮನ್ನೇ ಕೇಳಿಕೊಳ್ಳಬೇಕು. ಮನೆ ಮಾಲೀಕನ ಕಣ್ಣಿನಲ್ಲಿ ಎಂದಾದರೆ ಅದು ಶೀಲವಲ್ಲ, ಬಾಡಿಗೆಯ ಒಂದು ಭಾಗ. ಅದೇ ಮಡೆಂಜಿಯ ಬಾಲದ ಬಡಿತ ಅಂಗೈಯಿಂದ ಹೋಗದೆ ಬಿಟ್ಟವರಿದ್ದರೆ ಅವರಿಗೆ ನನ್ನ ಸಾಧುಕಾರ. ಅಂಥವರು ಮೀನು ತಿನ್ನುವ ಮನೆಯಲ್ಲಿ ಊಟಕ್ಕೆ ಕೂರಲು ಮುಖ ಸಿಂಡರಿಸುವುದಿಲ್ಲ. ನಾನು ಇಬ್ಬರು ಮೂವರನ್ನು ನೋಡಿದ್ದೇನೆ.

ಧಮ್ಮಪದದ 270ನೆಯ ಗಾಥೆಗೆ ಅಟ್ಠಕಥೆಯಲ್ಲಿ ಒಂದು ಮೀನುಗಾರನ ಕಥೆ ಬರುತ್ತದೆ. ನಮ್ಮವರು ಇದನ್ನು ಹೆಚ್ಚು ಹೇಳುವುದಿಲ್ಲ, ಹೇಳಬೇಕು. ಶ್ರಾವಸ್ತಿಯ ಉತ್ತರ ಬಾಗಿಲಿನ ಹತ್ತಿರ ಒಬ್ಬ ಗಾಳ ಹಾಕುತ್ತಿದ್ದ. ಬುದ್ಧರು ಸಂಘದೊಂದಿಗೆ ಬರುವುದನ್ನು ಕಂಡು ಗಾಳ ಕೆಳಗಿಟ್ಟು ನಿಂತ. ಬುದ್ಧರು ಪಕ್ಕದಲ್ಲಿದ್ದ ಭಿಕ್ಕುಗಳ ಹೆಸರನ್ನು ಒಬ್ಬೊಬ್ಬರಾಗಿ ಕೇಳಿದರು. ಅವರ ಹೆಸರು ಬುದ್ಧರಿಗೆ ಗೊತ್ತಿಲ್ಲದೆ ಏನು? ಕೇಳಿದ್ದು ಮೀನುಗಾರನ ಸರದಿ ಬರಲೆಂದು. ಅವನ ಸರದಿ ಬಂದಾಗ, ನನ್ನ ಹೆಸರು ಆರ್ಯ ಎಂದ. ಜೀವಗಳನ್ನು ಹಿಂಸಿಸಿ ಯಾರೂ ಆರ್ಯರಾಗುವುದಿಲ್ಲ ಎಂದರು ಬುದ್ಧರು. ಹುಟ್ಟಿನಿಂದ, ಹೆಸರಿನಿಂದ ಆರ್ಯರೆಂದು ಬೀಗುತ್ತಿದ್ದ ಸಮಾಜದ ನಡುವೆ ನಿಂತು ಹೇಳಿದ ಮಾತು ಅದು. ಆ ಮೀನುಗಾರ ಅಲ್ಲೇ ಸೋತಾಪನ್ನನಾದ ಎಂದು ಕಥೆ ಮುಗಿಯುತ್ತದೆ. ಮರುದಿನ ಅವನು ಏನು ಮಾಡಿ ಹೊಟ್ಟೆ ಹೊರೆದ ಎಂದು ಹೇಳುವುದಿಲ್ಲ.

ಆ ಮರುದಿನದ ಪ್ರಶ್ನೆ ನಮ್ಮದು. ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಅಂಗುತ್ತರ ನಿಕಾಯದ ವಣಿಜ್ಜಾ ಸುತ್ತ ಹೆಸರಿಸುತ್ತದೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಮೀನು ಮಾರುವುದು ಅದರೊಳಗೆ ಬರುವುದಿಲ್ಲ ಎಂದು ಜಾಣತನದ ಅರ್ಥ ಮಾಡಲು ನಾನು ಹೋಗುವುದಿಲ್ಲ, ಬರುತ್ತದೆ. ಆದರೆ ಅದೇ ಸಂಘದ ಬಾಗಿಲು ಮೀನುಗಾರರ ಮಕ್ಕಳಿಗೆ ತೆರೆದಿತ್ತು. ಥೇರಗಾಥೆಯ ಯಸೋಜ ಮೀನುಗಾರರ ಕೇರಿಯಲ್ಲಿ ಹುಟ್ಟಿದವರು. ಮಜ್ಝಿಮ ನಿಕಾಯದ ಸಾತಿ ಎಂಬ ಭಿಕ್ಕುವನ್ನು ಮೀನುಗಾರನ ಮಗ ಎಂದೇ ಕರೆದಿದೆ. ಅವರನ್ನು ಒಳಗೆ ಸೇರಿಸುವ ಮೊದಲು ಅಪ್ಪಂದಿರು ಬಲೆ ಸುಟ್ಟು ಬರಲಿ ಎಂದು ಯಾರೂ ಹೇಳಲಿಲ್ಲ. ಇನ್ನೊಂದು ಕಥೆಯೂ ಅಟ್ಠಕಥೆಯಲ್ಲೇ ಇದೆ, 124ನೆಯ ಗಾಥೆಗೆ. ಸೋತಾಪನ್ನಳಾದ ಹೆಣ್ಣೊಬ್ಬಳು ಬೇಟೆಗಾರನ ಹೆಂಡತಿ. ಗಂಡ ಕೇಳಿದಾಗ ಬಿಲ್ಲು, ಬಲೆ ಎತ್ತಿ ಕೊಡುತ್ತಿದ್ದಳು. ಅವಳಿಗೆ ಪಾಪ ಬರುವುದಿಲ್ಲವೇ ಎಂದು ಭಿಕ್ಕುಗಳು ಕೇಳಿದರು. ಕೊಲ್ಲುವ ಮನಸ್ಸು ಅವಳಲ್ಲಿಲ್ಲ, ಗಾಯವಿಲ್ಲದ ಕೈಗೆ ವಿಷ ಏರುವುದಿಲ್ಲ ಎಂದರಂತೆ ಬುದ್ಧರು. ಹಿತ್ತಿಲ ಕಲ್ಲಿನ ಹತ್ತಿರ ಕೂರುವ ನಮ್ಮ ತಾಯಂದಿರಿಗೆ ಈ ಕಥೆ ಗೊತ್ತಿದ್ದರೆ ಒಳ್ಳೆಯದು.

ಹುಡುಗನಿಗೆ ನನ್ನ ಉತ್ತರ: ನೀನು ಹೇಳುವುದು ಸುಳ್ಳಲ್ಲ. ಶೀಲವನ್ನು ನೀನು ತೆಗೆದುಕೊಳ್ಳುವುದು ನಿನಗಾಗಿ, ಅಪ್ಪನ ಪರವಾಗಿ ಅಲ್ಲ. ಅಪ್ಪನ ಬಲೆಯನ್ನು ನಿನ್ನ ಬಾಯಿಮಾತಿನಿಂದ ಕಿತ್ತುಕೊಳ್ಳಬೇಡ. ನಿನಗೆ ಕೆಲಸವಾದ ಮೇಲೆ ನಿನ್ನ ಸಂಬಳದಿಂದ ಆ ಬಲೆಯ ಅಗತ್ಯವನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡು. ಅಲ್ಲಿಯವರೆಗೆ ಎರಡು ಮಾತು ಕೇಳಿ ನೋಡಬಹುದು, ಮಗ ಅಪ್ಪನನ್ನು ಕೇಳುವ ಹಾಗೆ. ಬಲೆಯ ಕಣ್ಣು ದೊಡ್ಡದಿರಲಿ, ಮರಿಗಳು ಹೋಗಲಿ. ಮುಗುಡು, ಮಡೆಂಜಿಯಂಥವನ್ನು ಬುಟ್ಟಿಯಲ್ಲಿ ಗಂಟೆಗಟ್ಟಲೆ ಒದ್ದಾಡಿಸುವುದು ಬೇಡ, ಹಿಡಿದ ಕೂಡಲೇ ತಲೆಗೆ ಒಂದು ಪೆಟ್ಟು ಹಾಕಿ ಮುಗಿಸಲಿ. ಕೊಲ್ಲುವುದನ್ನು ಕಲಿಸುವ ಧಮ್ಮವೇ ಇದು ಎಂದು ಯಾರಾದರೂ ಹಂಗಿಸಿದರೆ ಹಂಗಿಸಲಿ. ಸಾಯುವ ಮೀನಿಗೆ ಆ ಒಂದು ಗಂಟೆಯ ವ್ಯತ್ಯಾಸ ಗೊತ್ತು.

ಮೀನಿಗಿಂತ ದೊಡ್ಡ ಕಳವು ಇದೇ ದಿನಗಳಲ್ಲಿ ಅದೇ ಗುಂಡಿಗಳಲ್ಲಿ ನಡೆಯುತ್ತದೆ. ಅದರ ಬಗ್ಗೆ ನಾವು ಬಾಯಿ ಬಿಡುವುದಿಲ್ಲ. ರಾತ್ರಿ ಬಂದು ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ, ತೋಟಕ್ಕೆ ತಂದ ಮೈಲುತುತ್ತು ಹಾಕುತ್ತಾರೆ, ತೋಟೆ ಸಿಡಿಸುತ್ತಾರೆ, ಬ್ಯಾಟರಿಯಿಂದ ಕರೆಂಟ್ ಹಾಯಿಸುತ್ತಾರೆ. ಹಿಂದೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು, ಈಗಿನ ವಿಷದ ಮುಂದೆ ಅದು ಏನೂ ಅಲ್ಲ. ತೋಟೆ ಸಿಡಿದರೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆಯುತ್ತದೆ. ತೇಲಿ ಬಂದದ್ದನ್ನು ಹೆಕ್ಕುತ್ತಾರೆ, ಮುಳುಗಿದ್ದು ಅಲ್ಲೇ ಕೊಳೆಯುತ್ತದೆ. ಪೌಡರ್ ಹಾಕಿದರೆ ಮರಿ, ಸಿಗಡಿ, ಏಡಿ, ಕಪ್ಪೆ ಒಂದೂ ಉಳಿಯುವುದಿಲ್ಲ. ಒಂದು ಮೈಲಿಯ ಜೀವವೆಲ್ಲ ಅಲ್ಲಿ ಕೂಡಿರುತ್ತದೆ ಎಂದು ಆಗಲೇ ಹೇಳಿದೆ. ಅದು ಹೋದರೆ ಜೂನಿನ ಮಳೆಗೆ ತೋಡು ಹತ್ತಲು ಮೀನೇ ಇರುವುದಿಲ್ಲ. ಮುಂದಿನ ವರ್ಷ ಮೇಲಿನ ಊರಿನವನ ಬಲೆಗೆ ಬೀಳಬೇಕಾದದ್ದನ್ನು ಈ ವರ್ಷವೇ ಒಬ್ಬ ಒಂದು ರಾತ್ರಿಯಲ್ಲಿ ಹೊತ್ತುಕೊಂಡು ಹೋದ ಹಾಗೆ. ಇದು ಮೊದಲನೆಯ ಶೀಲದ ಮಾತು ಮಾತ್ರ ಅಲ್ಲ, ಅದಿನ್ನಾದಾನಾ, ಎರಡನೆಯ ಶೀಲದ ಮಾತು. ಕೊಡದಿದ್ದನ್ನು ತೆಗೆದುಕೊಳ್ಳುವುದು. ದೇಶದ ಕಾನೂನೂ ಇದನ್ನು ಬಹಳ ಹಿಂದೆಯೇ ಕಂಡಿದೆ. ಸ್ಫೋಟಕ ಮತ್ತು ವಿಷ ಹಾಕಿ ಮೀನು ಕೊಲ್ಲುವುದು 1897ರ ಭಾರತೀಯ ಮೀನುಗಾರಿಕಾ ಕಾಯ್ದೆಯಿಂದಲೇ ಅಪರಾಧ.

ಆ ಗುಂಡಿಯ ನೀರನ್ನು ಕುಡಿಯುವವರು ಯಾರು ಎಂದೂ ಕೇಳಬೇಕು. ಮನೆಯಲ್ಲಿ ಬೋರ್‌ವೆಲ್ ಇದ್ದವರು ಕುಡಿಯುವುದಿಲ್ಲ. ಬಾವಿ ಬತ್ತಿದ ಕಾಲನಿಯವರು ಹೊಳೆಯ ಮರಳಿನಲ್ಲಿ ಗುಳಿ ತೋಡಿ ಕೊಡ ತುಂಬಿಸುತ್ತಾರೆ.

ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಪೆರುವೋಲು ಮೀನುಗಳನ್ನು ದೇವರ ಮೀನೆಂದು ಕಾಪಾಡುತ್ತಾರೆ. 1990ರ ದಶಕದಲ್ಲಿ ಯಾರೋ ವಿಷ ಹಾಕಿ ಅಲ್ಲಿ ಸಾವಿರಾರು ಮೀನು ಸತ್ತಾಗ ಊರೇ ಮರುಗಿತು, ಅವುಗಳ ನೆನಪಿಗೆ ಸ್ಮಾರಕವನ್ನೂ ಕಟ್ಟಿದರು. ಮರುಗಿದ್ದು ಸರಿಯೇ, ನಾನು ಅದನ್ನು ಗೇಲಿ ಮಾಡುವುದಿಲ್ಲ. ಆದರೆ ದೇವರದಲ್ಲದ ಗುಂಡಿಗಳ ಮೀನಿಗೆ, ಆ ನೀರು ಕುಡಿಯುವ ಮನುಷ್ಯರಿಗೆ ಆ ಮರುಕ ಇನ್ನೂ ತಲುಪಿಲ್ಲ. ನಾವು ಸೇರುವ ಜಾಗದ ಹೆಸರೂ ನೀರಿನದೇ. ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣ ಎಂಬವನ ಕಟ್ಟೆಯೇ ಹಂಪನಕಟ್ಟೆ ಆಯಿತೆಂದು ಹೇಳುವುದುಂಟು. ಅಂದು ನಮ್ಮವರು ಆ ದಾರಿಯಲ್ಲಿ ಬಂದಿದ್ದರೆ ಅವರಿಗೆ ನೀರು ಕೈಗೆ ಸಿಗುತ್ತಿತ್ತೋ, ದೂರದಿಂದ ಬೊಗಸೆಗೆ ಬೀಳುತ್ತಿತ್ತೋ?

ಇದೇ ತಿಂಗಳ 20ಕ್ಕೆ ಮಹಾಡ್ ದಿನ. 1923ರಲ್ಲಿ ಬೋಳೆಯವರ ಠರಾವು, 1924ರಲ್ಲಿ ಮಹಾಡ್ ಪುರಸಭೆಯ ಒಪ್ಪಿಗೆ, ಎರಡೂ ಕಾಗದದಲ್ಲೇ ಇದ್ದವು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದು ಹೋಗಿ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿದರು. ಆಮೇಲೆ 108 ಮಡಕೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು ಶುದ್ಧ ಮಾಡಿದರು. ಆ ಕೆರೆಯಲ್ಲಿ ದನ ನೀರು ಕುಡಿದರೆ, ಮೀನು ಸತ್ತು ತೇಲಿದರೆ ಮಡಕೆ ಬೇಕಾಗುತ್ತಿರಲಿಲ್ಲ. ಕೋರ್ಟಿನಲ್ಲಿ ಗೆಲ್ಲಲು 1937ರವರೆಗೆ ಕಾಯಬೇಕಾಯಿತು. ಹತ್ತು ವರ್ಷ ಹೋರಾಡಿ ಗೆದ್ದದ್ದು, ನೀರು ಎಲ್ಲರದ್ದು ಎಂಬ ಒಂದು ಮಾತನ್ನು. ಎಲ್ಲರದ್ದಾದ ನೀರಿಗೆ ವಿಷ ಹಾಕುವುದನ್ನು ನೋಡಿಯೂ ಸುಮ್ಮನಿದ್ದರೆ ಆ ಗೆದ್ದ ಮಾತನ್ನು ನಾವೇ ಬಿಟ್ಟುಕೊಟ್ಟ ಹಾಗಾಗುತ್ತದೆ.

ಪ್ರತಿ ವರ್ಷ ಅಂದು ಕೋಣೆಯಲ್ಲಿ ಬಾಬಾಸಾಹೇಬರ ಫೋಟೋಗೆ ಮಾಲೆ ಹಾಕಿ, ಒಂದೇ ಕೊಡದ ನೀರು ಹಂಚಿಕೊಂಡು ಕುಡಿದು ಮುಗಿಸುತ್ತೇವೆ. ಈ ಸಲ 20 ಕಳೆದು ಬರುವ ಭಾನುವಾರ ಹುಡುಗನ ಊರಿನ ಗುಂಡಿಗೆ ಹೋಗೋಣ ಎಂದಿದ್ದೇನೆ. ಅಲ್ಲಿಯ ಯುವಕರು ರಾತ್ರಿ ಕಾವಲಿಗೆ ಸರದಿ ಹಾಕಿಕೊಳ್ಳಲು ಒಪ್ಪಿದ್ದಾರೆ. ಪಂಚಾಯಿತಿಗೆ ಕೊಡುವ ಮನವಿಗೆ ನಾವೂ ಸಹಿ ಹಾಕಬೇಕು. ಬೆಳಿಗ್ಗೆ ಏಳಕ್ಕೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಸೇರಿ. ರಾಡ್ ಇರುವವರು ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಮಧ್ಯಾಹ್ನದ ಊಟ ಹುಡುಗನ ಮನೆಯಲ್ಲಿ. ತನಗಾಗಿಯೇ ಕೊಂದದ್ದೆಂದು ಕಂಡಿದ್ದರೆ, ಕೇಳಿದ್ದರೆ, ಸಂಶಯ ಬಂದಿದ್ದರೂ ಭಿಕ್ಕು ಅದನ್ನು ತಿನ್ನಬಾರದು ಎಂದು ಜೀವಕ ಸುತ್ತದಲ್ಲಿದೆ. ನಾವು ಭಿಕ್ಕುಗಳಲ್ಲ. ಆದರೂ ಇಪ್ಪತ್ತು ಜನ ಸಂಬಳದವರು ನೆಂಟರಾಗಿ ಹೋಗಿ, ನಮಗೆಂದು ಅವರ ಅಪ್ಪ ಬಲೆ ಬೀಸುವ ಹಾಗೆ ಮಾಡುವುದು ಬೇಡ ಎಂದು ಹೇಳಿ ಕಳುಹಿಸಿದ್ದೇನೆ. ಗಂಜಿ, ಹುರುಳಿ ಚಟ್ನಿ, ಉಪ್ಪಿನಕಾಯಿ ಇರುತ್ತದೆ. ಅಕ್ಕ ಬರುತ್ತೇನೆ ಎಂದಿದ್ದಾರೆ.

ಭವತು ಸಬ್ಬ ಮಂಗಲಂ. ಜೈಭೀಮ್.